ಶ್ವಾಸಕೋಶದ ಕ್ಲಾಟ್‌ಗೆ ನೈಟ್ರಿಕ್ ಆಕ್ಸೈಡ್ ಗಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಐಸಿಯು ಹೊರಗಡೆ ಬೆಂಚಲ್ಲಿ ಕೂತಿರೋ ಮನೆಯವರು, ಡಿಸ್ಚಾರ್ಜ್ ಆಗಿ ಎಷ್ಟೋ ದಿನ ಆದ್ಮೇಲೆ ಮೆಸೇಜ್ ಮಾಡೋರು, ಅಮೆರಿಕದಲ್ಲಿ ಕೂತು ರಾತ್ರಿಯೆಲ್ಲ ನೆಟ್ಟಲ್ಲಿ ಓದಿ "ನಮ್ಮಮ್ಮಂಗೆ ಆ ಗ್ಯಾಸ್ ಯಾಕೆ ಕೊಡ್ತಿಲ್ಲ" ಅಂತ ಫೋನ್ ಮಾಡೋ ಮಕ್ಕಳು, ಹೊಸದಾಗಿ ಡ್ಯೂಟಿಗೆ ಬಂದ ನರ್ಸ್‌ಗಳು, ಜೂನಿಯರ್ ಡಾಕ್ಟರ್‌ಗಳು, ಇವರೆಲ್ಲ ಕೇಳಿದ್ದನ್ನ ಅವರ ಮಾತಲ್ಲೇ ಇಲ್ಲಿ ಹಾಕಿದೀನಿ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮ್ಮ ಪೇಷಂಟ್ ಬಗ್ಗೆ ತೀರ್ಮಾನ ಮಾತ್ರ ಅವರನ್ನ ಕಣ್ಣಾರೆ ನೋಡ್ತಿರೋ ಡಾಕ್ಟ್ರದ್ದೇ.

## ಮೊದಲು ಕೇಳೋ ಪ್ರಶ್ನೆಗಳು

ಡಾಕ್ಟ್ರೇ, ಕಾಲು ಊದಿತ್ತು ಅಷ್ಟೇ, ಈಗ ಶ್ವಾಸಕೋಶದಲ್ಲಿ ಕ್ಲಾಟ್ ಅಂತೀರ, ಅದು ಅಲ್ಲಿಗೆ ಹೆಂಗೆ ಹೋಯ್ತು?

ಹೆಚ್ಚಿನ ಸಲ ಶುರುವಾಗೋದೇ ಕಾಲಲ್ಲಿ. ಕಾಲಿನ ಒಳಗಡೆ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ಅದರ ಒಂದು ತುಂಡು ಕಿತ್ಕೊಂಡು ರಕ್ತದ ಜೊತೆ ಮೇಲಕ್ಕೆ ಬಂದು ಹೃದಯದ ಬಲಗಡೆಯಿಂದ ದಾಟಿ ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಾಕೊಳ್ಳುತ್ತೆ. ಇದಕ್ಕೆ ಪಲ್ಮನರಿ ಎಂಬಾಲಿಸಂ ಅಂತಾರೆ, ಆಸ್ಪತ್ರೆಲಿ ಎಲ್ಲರ ಬಾಯಲ್ಲೂ ಪಿಇ. ಸೊಂಟದ ಆಪರೇಷನ್ ಆದೋರು, ಕ್ಯಾನ್ಸರ್ ಇರೋರು, ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿದೋರು, ಉದ್ದದ ಫ್ಲೈಟಲ್ಲಿ ಕಾಲು ಆಡಿಸದೇ ಕೂತೋರು, ಕೆಲವು ಗರ್ಭನಿರೋಧಕ ಮಾತ್ರೆ ತಗೊಳ್ಳೋರಲ್ಲಿ ಇದರ ಸಾಧ್ಯತೆ ಜಾಸ್ತಿ. ಹೆರಿಗೆ ಆದ ಮೊದಲ 6 ವಾರನೂ ಅಪಾಯದ ಕಾಲನೇ. ಅದಕ್ಕೇ ಬಾಣಂತಿನ ತಿಂಗಳಾನುಗಟ್ಟಲೆ ಹಾಸಿಗೆಯಿಂದ ಇಳಿಯೋಕೇ ಬಿಡದೇ ಇರೋ ಮನೆಗಳಲ್ಲಿ ನಾನು ಪ್ರತಿ ಸಲ ಹೇಳ್ತೀನಿ, ಬೆಚ್ಚಗಿಡಿ, ಚೆನ್ನಾಗಿ ನೋಡ್ಕೊಳ್ಳಿ, ಆದ್ರೆ ದಯವಿಟ್ಟು ಓಡಾಡೋಕೆ ಬಿಡಿ.

ಕ್ಲಾಟ್ ಇರೋದು ಶ್ವಾಸಕೋಶದಲ್ಲಿ, ನೀವು ಹೃದಯದ ಬಗ್ಗೆ ಯಾಕೆ ಅಷ್ಟು ಭಯ ಪಡ್ತೀರ?

ತೋಟಕ್ಕೆ ನೀರು ಬಿಡೋ ಸಣ್ಣ ಮೋಟರ್ ನೆನೆಸ್ಕೊಳ್ಳಿ. ಪೈಪ್ ಲೈನ್ ಎಲ್ಲ ತೆರೆದಿದ್ರೆ ಅದು ದಿನವಿಡೀ ಆರಾಮಾಗಿ ಓಡುತ್ತೆ, ಯಾರೋ ಬಂದು ಅರ್ಧಕ್ಕರ್ಧ ಗೇಟ್ ವಾಲ್ವ್ ಒಟ್ಟಿಗೇ ಮುಚ್ಚಿಬಿಟ್ರೆ ಮೋಟರ್ ಹೂಂಕರಿಸಿ ಬಿಸಿಯಾಗಿ ಕೊನೆಗೆ ಸುಟ್ಟೋಗುತ್ತೆ. ಹೃದಯದ ಬಲಗಡೆ ಕೋಣೆ ಆ ಥರದ ಸಣ್ಣ ಮೋಟರ್. ಅದರ ಗೋಡೆ ತೆಳು, ಶ್ವಾಸಕೋಶಕ್ಕೆ ರಕ್ತ ತಳ್ಳೋದು ಕಡಿಮೆ ಒತ್ತಡದ ಕೆಲಸ, ಆರೋಗ್ಯವಂತರಲ್ಲಿ ಅಲ್ಲಿನ ಸರಾಸರಿ ಒತ್ತಡ ಪಾದರಸದ ಅಳತೆಯಲ್ಲಿ 15 ಮಿಲಿಮೀಟರ್ ಆಸುಪಾಸು. ಏಕಾಏಕಿ 40 ದಾಟಿ ತಳ್ಳು ಅಂದ್ರೆ ಅಭ್ಯಾಸ ಇಲ್ಲದ ಆ ಕೋಣೆಗೆ ಆಗಲ್ಲ, ಅದು ಊದ್ಕೊಂಡು ಸೋತುಹೋಗುತ್ತೆ, ಎಡಗಡೆಗೆ ರಕ್ತ ಬರೋದು ಕಮ್ಮಿ ಆಗುತ್ತೆ, ಬಿಪಿ ಬೀಳುತ್ತೆ. ಪಿಇಯಲ್ಲಿ ಜನ ಸಾಯೋದು ಬಹುಪಾಲು ಹೀಗೆ, ಬರೀ ಉಸಿರುಗಟ್ಟಿ ಅಲ್ಲ. ಈ ಒಂದು ವಿಷಯ ಮನಸ್ಸಲ್ಲಿ ಕೂತ್ರೆ ಮುಂದೆ ನೈಟ್ರಿಕ್ ಆಕ್ಸೈಡ್ ಬಗ್ಗೆ ಹೇಳೋದೆಲ್ಲ ತಾನಾಗೇ ಅರ್ಥ ಆಗುತ್ತೆ.

ನೈಟ್ರಿಕ್ ಆಕ್ಸೈಡ್ ಅಂದ್ರೆ ಹಲ್ಲಿನ ಡಾಕ್ಟ್ರು ಕೊಡೋ ನಗೆಗಾಳಿನಾ?

ಅಲ್ಲ. ನಗೆಗಾಳಿ ಅಂದ್ರೆ ನೈಟ್ರಸ್ ಆಕ್ಸೈಡ್, ಅದು ನೋವು ಮರೆಸೋಕೆ, ಮತ್ತು ಬರಿಸೋಕೆ. ಇದು ನೈಟ್ರಿಕ್, ಒಂದು ನೈಟ್ರೋಜನ್ ಒಂದು ಆಕ್ಸಿಜನ್ ಸೇರಿದ ಪುಟ್ಟ ಅಣು, ಮತ್ತು ಗಿತ್ತು ಏನೂ ಬರಲ್ಲ. ಹೆಸರು ಒಂದೇ ಥರ ಇರೋದ್ರಿಂದ ಫಾರ್ಮಸಿಗೆ ಫೋನಲ್ಲಿ ಹೇಳೋವಾಗಲೂ ನಾವು ಎರಡೆರಡು ಸಲ ಬಿಡಿಸಿ ಹೇಳ್ತೀವಿ.

ಗಾಡಿ ಹೊಗೆಯಲ್ಲಿರೋ ವಿಷ ಅಂತ ಸ್ಕೂಲಲ್ಲಿ ಓದಿದ್ದೆ, ಅದನ್ನೇ ನಮ್ಮಪ್ಪಂಗೆ ಮೂಗಿಂದ ಕೊಡ್ತೀರಾ?

ಭಯ ಆಗೋದು ಸಹಜ, ಓದಿದ್ದೂ ಸರಿನೇ. ಇಂಜಿನ್ ಹೊಗೆಯಲ್ಲಿ ಈ ಅನಿಲ ಇರುತ್ತೆ, ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಡೈಆಕ್ಸೈಡ್ ಆಗುತ್ತೆ, ಶ್ವಾಸಕೋಶ ಸುಡೋ ನಿಜವಾದ ವಿಷ ಅದು. ಆದ್ರೆ ಇದೇ ನೈಟ್ರಿಕ್ ಆಕ್ಸೈಡನ್ನ ನಮ್ಮ ರಕ್ತನಾಳಗಳ ಒಳಪದರನೇ ಹುಟ್ಟಿಂದ ಸಾಯೋವರೆಗೂ ತಯಾರು ಮಾಡ್ತಾ ಇರುತ್ತೆ, ನಾಳ ಅಗಲ ಆಗು ಅಂತ ಹೇಳೋ ಸಂದೇಶ ಅದು. ಇದನ್ನ ಕಂಡುಹಿಡಿದಿದ್ದಕ್ಕೆ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅನ್ನೋ ಮೂರು ಜನಕ್ಕೆ 1998ರಲ್ಲಿ ನೊಬೆಲ್ ಬಂತು. ಇನ್ನು ಪ್ರಮಾಣದ ಮಾತು. ಐಸಿಯುನಲ್ಲಿ ಸಾಮಾನ್ಯವಾಗಿ ಕೊಡೋದು 20 ಪಿಪಿಎಂ, ಅಂದ್ರೆ 10 ಲಕ್ಷ ಭಾಗ ಗಾಳಿಯಲ್ಲಿ 20 ಭಾಗ. ಅಮೆರಿಕದಲ್ಲಿ ಕಾರ್ಖಾನೆ ಕೆಲಸಗಾರರಿಗೇ 8 ಗಂಟೆ ಸರಾಸರಿ 25 ಪಿಪಿಎಂವರೆಗೆ ಮಿತಿ ಇಟ್ಟಿದಾರೆ. ಡೈಆಕ್ಸೈಡ್ ಎಷ್ಟು ಆಗ್ತಿದೆ ಅಂತ ಮಿಷನ್ ಒಂದೇ ಸಮ ಅಳೀತಾನೂ ಇರುತ್ತೆ.

ಈ ಗಾಳಿ ಕೊಟ್ರ ಹೆಪ್ಪು ಕರಗ್ತೈತೇನ್ರಿ?

ಇಲ್ಲರಿ, ಕರಗಂಗಿಲ್ಲ. ಅತೀ ಹೆಚ್ಚು ಜನ ಕೇಳೋ ಪ್ರಶ್ನೆ ಇದು, ಅತೀ ಹೆಚ್ಚು ತಪ್ಪು ತಿಳ್ಕೊಂಡಿರೋದೂ ಇದನ್ನೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಹೆಪ್ಪು ಬೆಳೀದಂಗೆ ತಡೆಯೋದು ಹೆಪಾರಿನ್ ಥರದ ರಕ್ತ ತೆಳು ಮಾಡೋ ಔಷಧಿ, ಇರೋ ಹೆಪ್ಪನ್ನ ನಿಧಾನಕ್ಕೆ ಕರಗಿಸ್ಕೊಳ್ಳೋದು ನಮ್ಮ ದೇಹನೇ, ತುರ್ತಾಗಿ ಕರಗಿಸಲೇಬೇಕು ಅಂದ್ರೆ ಆಲ್ಟಿಪ್ಲೇಸ್, ಟೆನೆಕ್ಟಿಪ್ಲೇಸ್, ಸ್ಟ್ರೆಪ್ಟೊಕೈನೇಸ್ ಥರದ ಇಂಜೆಕ್ಷನ್. ನೈಟ್ರಿಕ್ ಆಕ್ಸೈಡ್ ಮಾಡೋ ಕೆಲಸ ಬೇರೆ. ಕ್ಲಾಟ್ ಕೂತಾಗ ಅದು ಅಡ್ಡ ಕೂತ ಲೈನ್ ಮಾತ್ರ ಮುಚ್ಚಲ್ಲ, ಅದರಲ್ಲಿರೋ ಪ್ಲೇಟ್‌ಲೆಟ್‌ಗಳು ಸೆರೊಟೋನಿನ್, ಥ್ರಾಂಬಾಕ್ಸೇನ್ ಅನ್ನೋ ರಾಸಾಯನಿಕ ಬಿಡ್ತಾವೆ, ಜೊತೆಗೆ ಆಮ್ಲಜನಕನೂ ಕಡಿಮೆ ಆಗಿರುತ್ತೆ, ಇದೆಲ್ಲ ಸೇರಿ ಪಕ್ಕದ ಒಳ್ಳೇ ಲೈನ್‌ಗಳೂ ಬಿಗಿಯಾಗಿ ಸಣ್ಣ ಆಗ್ತಾವೆ. ಮೋಟರ್‌ಗೆ ಎರಡು ಕಡೆಯಿಂದ ಏಟು. ಈ ಗಾಳಿ ಆ ಒಳ್ಳೇ ಲೈನ್‌ಗಳ ಬಿಗಿ ಸಡಿಲ ಮಾಡುತ್ತೆ, ಬಲಗಡೆ ಹೃದಯಕ್ಕೆ ಭಾರ ಒಂಚೂರು ಇಳಿಯುತ್ತೆ, ಹೆಪಾರಿನ್ ಮತ್ತೆ ದೇಹ ತಮ್ಮ ಕೆಲಸ ಮಾಡೋವರೆಗೂ ಹೃದಯ ತಡ್ಕೊಳ್ಳೋಕೆ ಸಮಯ ಸಿಗುತ್ತೆ ಅನ್ನೋದು ಲೆಕ್ಕಾಚಾರ. ಸಮಯ ಕೊಂಡ್ಕೊಳ್ಳೋ ಔಷಧಿ ಇದು, ಅದಕ್ಕೇ ಇದು ಬರಲಿ ಅಂತ ಕಾಯ್ತಾ ಹೆಪಾರಿನ್ ಒಂದು ಗಂಟೆ ತಡ ಮಾಡಿದ್ರೂ ತಪ್ಪಾಗುತ್ತೆ.

ಬೀಟ್‌ರೂಟ್ ಜ್ಯೂಸ್, ಭ್ರಾಮರಿ ಪ್ರಾಣಾಯಾಮದಿಂದ ನೈಟ್ರಿಕ್ ಆಕ್ಸೈಡ್ ಜಾಸ್ತಿ ಆಗುತ್ತಂತೆ, ಮನೇಲೇ ಮಾಡ್ಕೋಬಹುದಾ?

ಎರಡರಲ್ಲೂ ಒಂದು ಎಳೆ ನಿಜ ಇದೆ. ಬೀಟ್‌ರೂಟಲ್ಲಿರೋ ನೈಟ್ರೇಟ್ ಬಾಯಲ್ಲಿರೋ ಬ್ಯಾಕ್ಟೀರಿಯಾ ಸಹಾಯದಿಂದ ನೈಟ್ರೈಟ್ ಆಗಿ ಆಮೇಲೆ ನೈಟ್ರಿಕ್ ಆಕ್ಸೈಡ್ ಆಗುತ್ತೆ, ಬಿಪಿ ಸ್ವಲ್ಪ ಇಳಿಯುತ್ತೆ. ಮೂಗಿನ ಪಕ್ಕದ ಸೈನಸ್‌ಗಳು ಈ ಅನಿಲ ತಯಾರಿಸ್ತಾವೆ, ಬಾಯಿ ಮುಚ್ಚಿ ಹೂಂ ಅಂತ ಗುನುಗಿದ್ರೆ ಸುಮ್ನೆ ಉಸಿರು ಬಿಡೋದಕ್ಕಿಂತ 15 ಪಟ್ಟು ಜಾಸ್ತಿ ಹೊರಗೆ ಬರುತ್ತೆ ಅಂತ 2002ರಲ್ಲಿ ಸ್ವೀಡನ್‌ನವರು ಅಳೆದು ತೋರಿಸಿದ್ರು. ಆದ್ರೆ ಅದನ್ನ ಅಳೆಯೋದು 100 ಕೋಟಿಗೆ ಇಷ್ಟು ಅನ್ನೋ ಲೆಕ್ಕದಲ್ಲಿ, ಮೇಲಾಗಿ ಗುನುಗೋವಾಗ ಉಸಿರು ಹೋಗ್ತಿರೋದು ಹೊರಕ್ಕೆ. ಪಿಇ ಅನುಮಾನ ಇದ್ದಾಗ, ಅಂದ್ರೆ ಇದ್ದಕ್ಕಿದ್ದಂಗೆ ಏದುಸಿರು, ಉಸಿರು ಎಳೆದ್ರೆ ಚುಚ್ಚೋ ಎದೆನೋವು, ಕೆಮ್ಮಲ್ಲಿ ರಕ್ತ, ತಲೆ ಸುತ್ತಿ ಬೀಳೋದು, ಒಂದು ಕಾಲು ಮಾತ್ರ ಊದೋದು, ಇವು ಕಂಡಾಗ ಮನೇಲಿ ಏನೂ ಮಾಡ್ತಾ ಕೂರಬೇಡಿ, ಎಮರ್ಜೆನ್ಸಿಗೆ ಹೊರಡಿ. ಭ್ರಾಮರಿ ಎಲ್ಲ ಗುಣ ಆದ್ಮೇಲೆ, ಮನಸ್ಸಿನ ನೆಮ್ಮದಿಗೆ.

## ಚಿಕಿತ್ಸೆ ನಡೀತಿರೋವಾಗ ಕೇಳೋ ಪ್ರಶ್ನೆಗಳು

ಆ ಮಿಷನ್ ಹೆಂಗಿರುತ್ತೆ, ಪೇಷಂಟ್‌ಗೆ ಟ್ಯೂಬ್ ಹಾಕಲೇಬೇಕಾ?

ಟ್ರಾಲಿ ಮೇಲೆ ಒಂದು ಡಬ್ಬ, ಕೆಳಗಡೆ ಒಂದೆರಡು ಸಿಲಿಂಡರ್. ಸಿಲಿಂಡರ್ ಒಳಗಿರೋದು ಅಪ್ಪಟ ನೈಟ್ರಿಕ್ ಆಕ್ಸೈಡ್ ಅಲ್ಲ, ನೈಟ್ರೋಜನ್‌ನಲ್ಲಿ ಬೆರೆಸಿದ್ದು, ಸಾಮಾನ್ಯವಾಗಿ 800 ಪಿಪಿಎಂ. ಪೇಷಂಟ್ ಉಸಿರಾಡೋ ಕೊಳವೆಗೆ ಅದನ್ನ ಹನಿ ಹನಿಯಾಗಿ ಸೇರಿಸ್ತಾರೆ, ಪೇಷಂಟ್ ಹತ್ರದ ಕಡೆಯಿಂದ ಒಂದು ಸಣ್ಣ ಪೈಪ್ ಗಾಳಿ ಸ್ಯಾಂಪಲ್ ಎಳ್ಕೊಂಡು ಮಿಷನ್‌ಗೆ ವಾಪಸ್ ತರುತ್ತೆ. ಸ್ಕ್ರೀನ್ ಮೇಲೆ ಮೂರು ಅಂಕಿ: ನೈಟ್ರಿಕ್ ಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್, ಆಮ್ಲಜನಕ. ಸ್ಯಾಂಪಲ್ ಪೈಪಲ್ಲಿ ತೇವ ಕೂತು ಪಕ್ಕದ ಪುಟ್ಟ ಬಾಟ್ಲಿ ತುಂಬಿ ಬಿಟ್ರೆ ಅಂಕಿ ತಪ್ಪಾಗುತ್ತೆ ಇಲ್ಲಾ ಅಲಾರಂ ಹೊಡೆಯುತ್ತೆ, ಹೊಸ ನರ್ಸ್‌ಗಳಿಗೆ ನಾನು ಮೊದಲು ತೋರ್ಸೋದೇ ಆ ಬಾಟ್ಲಿನ.

ಗಂಟಲಿಗೆ ಟ್ಯೂಬ್ ಹಾಕಲೇಬೇಕು ಅಂತಿಲ್ಲ. ಪಿಇಯಲ್ಲಿ ಈ ಗಾಳಿಯ ದೊಡ್ಡ ಅನುಕೂಲನೇ ಅದು, ಮೂಗಿನ ಕೊಳವೆಯಿಂದ, ಹೈ ಫ್ಲೋ ಆಕ್ಸಿಜನ್ ಜೊತೆ ಸೇರಿಸಿ ಕೊಡಬಹುದು. ಬಲಗಡೆ ಹೃದಯ ಸೋಲ್ತಿರೋ ಪೇಷಂಟ್‌ಗೆ ಟ್ಯೂಬ್ ಹಾಕೋದು ನಮಗೆಲ್ಲ ಬಹಳ ಹೆದರಿಕೆಯ ಕೆಲಸ, ನಿದ್ದೆ ಔಷಧಿ ಕೊಟ್ಟ ತಕ್ಷಣ ಬಿಪಿ ಬೀಳುತ್ತೆ, ವೆಂಟಿಲೇಟರ್ ಒಳಗೆ ಗಾಳಿ ಒತ್ತಿದಾಗ ಹೃದಯಕ್ಕೆ ವಾಪಸ್ ಬರೋ ರಕ್ತ ಕಡಿಮೆ ಆಗುತ್ತೆ, ಅದೇ ಹೊತ್ತಲ್ಲಿ ಹೃದಯ ನಿಂತು ಹೋಗೋದೂ ಉಂಟು. ಪೇಷಂಟ್ ಎಚ್ಚರವಾಗಿ ತಾವೇ ಉಸಿರಾಡ್ತಾ ಇರೋದು ಎಷ್ಟು ಹೊತ್ತು ಸಾಧ್ಯನೋ ಅಷ್ಟು ಹೊತ್ತೂ ಒಳ್ಳೇದು.

ಎದೆನೋವಿಗೆ ನಾಲಿಗೆ ಕೆಳಗೆ ಇಡೋ ಸಾರ್ಬಿಟ್ರೇಟ್ ಕೂಡ ನೈಟ್ರಿಕ್ ಆಕ್ಸೈಡ್ ಕೊಡುತ್ತಂತೆ, ಅದು ಹತ್ತಿಪ್ಪತ್ತು ರೂಪಾಯಲ್ಲಿ ಸಿಗುತ್ತಲ್ಲ?

ತುಂಬಾ ಒಳ್ಳೇ ಪ್ರಶ್ನೆ. ಆದ್ರೆ ಪಿಇಯಲ್ಲಿ ಆ ಮಾತ್ರೆ ಅಪಾಯ. ಅದು ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಆಗಿನೇ ಕೆಲಸ ಮಾಡೋದು ನಿಜ, ಆದ್ರೆ ರಕ್ತದಲ್ಲಿ ಸೇರಿ ಇಡೀ ಮೈಯಿನ ನಾಳಗಳನ್ನ ಸಡಿಲ ಮಾಡಿಬಿಡುತ್ತೆ, ಕಾಲು ಹೊಟ್ಟೆಯ ಸಿರೆಗಳಲ್ಲಿ ರಕ್ತ ನಿಂತು ಹೃದಯಕ್ಕೆ ಬರೋದು ಕಮ್ಮಿ ಆಗಿ ಮೊದಲೇ ಕೆಳಗಿರೋ ಬಿಪಿ ಇನ್ನೂ ಕುಸಿಯುತ್ತೆ. ಗಾಳಿಯಾಗಿ ಎಳ್ಕೊಂಡ್ರೆ ಹಾಗಾಗಲ್ಲ. ಉಸಿರು ಎಲ್ಲಿಗೆ ತಲುಪುತ್ತೋ ಅಲ್ಲಿನ ನಾಳ ಮಾತ್ರ ಅಗಲ ಆಗುತ್ತೆ, ರಕ್ತಕ್ಕೆ ಸೇರಿದ ಕೆಲವೇ ಸೆಕೆಂಡಲ್ಲಿ ಹಿಮೋಗ್ಲೋಬಿನ್ ಅದನ್ನ ಹಿಡಿದು ಮುಗಿಸಿಬಿಡುತ್ತೆ, ಮೈಯಿನ ಬೇರೆ ಕಡೆಗೆ ಹೋಗೋಷ್ಟರಲ್ಲಿ ಔಷಧಿನೇ ಉಳಿದಿರಲ್ಲ. ಇನ್ನೊಂದು ಲಾಭನೂ ಇದೆ, ಗಾಳಿ ಚೆನ್ನಾಗಿ ಆಡ್ತಿರೋ ಭಾಗಕ್ಕೇ ರಕ್ತನೂ ಜಾಸ್ತಿ ಹರಿಯೋದ್ರಿಂದ ಆಮ್ಲಜನಕ ಸೇರೋದು ಸುಧಾರಿಸುತ್ತೆ. ಆ ಮಾತ್ರೆಯಲ್ಲಿ ಸುಧಾರಿಸೋ ಬದಲು ಕೆಡೋ ಸಾಧ್ಯತೆ ಇದೆ. ಎದೆನೋವು ಅಂದ ತಕ್ಷಣ ಮನೇಲಿರೋ ಸಾರ್ಬಿಟ್ರೇಟ್ ಬಾಯಿಗೆ ಹಾಕೋ ಅಭ್ಯಾಸ ನಮ್ಮಲ್ಲಿ ಬಹಳ ಇದೆ, ಪೇಷಂಟ್ ಬೆವರ್ತಾ ಬಿಪಿ ಬಿದ್ದಿದ್ರೆ ಅದು ಪ್ರಾಣಕ್ಕೇ ಕುತ್ತು ತರಬಹುದು.

ಸೈಡ್ ಎಫೆಕ್ಟ್ ಏನಾದ್ರೂ ಇದ್ಯಾ?

ಮುಖ್ಯವಾಗಿ ನೋಡೋದು ಮೆಥಿಮೋಗ್ಲೋಬಿನ್. ಈ ಅನಿಲ ಹಿಡಿದ ಹಿಮೋಗ್ಲೋಬಿನ್ ಸ್ವಲ್ಪ ಹೊತ್ತು ಆಮ್ಲಜನಕ ಹೊರೋಕೆ ಬಾರದ ರೂಪಕ್ಕೆ ತಿರುಗುತ್ತೆ, ಸಾಮಾನ್ಯರಲ್ಲಿ ಅದು 1 ಪರ್ಸೆಂಟ್ ಒಳಗಿರುತ್ತೆ, 5ರ ಹತ್ರ ಬಂದ್ರೆ ನಾವು ಡೋಸ್ ಇಳಿಸ್ತೀವಿ ಇಲ್ಲಾ ನಿಲ್ಲಿಸ್ತೀವಿ. 20 ಪಿಪಿಎಂನಲ್ಲಿ ಇದು ಅಷ್ಟಾಗಿ ಆಗಲ್ಲ. ಬೆರಳಿಗೆ ಹಾಕೋ ಕ್ಲಿಪ್ ನಂಬಬೇಡಿ ಅಂತ ಜೂನಿಯರ್‌ಗಳಿಗೆ ಯಾವಾಗ್ಲೂ ಹೇಳ್ತೀನಿ, ಮೆಥಿಮೋಗ್ಲೋಬಿನ್ ತುಂಬಾ ಏರಿದಾಗ ಅದು ನಿಜ ಏನೇ ಇರಲಿ 85ರ ಆಸುಪಾಸಲ್ಲೇ ನಿಂತುಬಿಡುತ್ತೆ, ರಕ್ತ ತೆಗೆದ್ರೆ ಸಿರಿಂಜಲ್ಲಿ ಚಾಕೊಲೇಟ್ ಬಣ್ಣ ಕಾಣುತ್ತೆ. ಸರಿಯಾದ ಅಂಕಿ ಸಿಗೋದು ರಕ್ತದ ಗ್ಯಾಸ್ ಮಿಷನ್‌ನಲ್ಲಿರೋ ಕೋಆಕ್ಸಿಮೀಟರ್‌ನಲ್ಲಿ. ಅದಕ್ಕೆ ಔಷಧಿ ಮೆಥಿಲೀನ್ ಬ್ಲೂ, ಆದ್ರೆ ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋರಿಗೆ ಅದು ಕೊಡಬಾರದು, ಮನೆತನದಲ್ಲಿ ಯಾರಿಗಾದ್ರೂ ಹಾಗಿದ್ರೆ ಮೊದಲೇ ಹೇಳಿಬಿಡಿ.

ಎಡಗಡೆ ಹೃದಯ ಮೊದಲೇ ತುಂಬಾ ವೀಕ್ ಇದ್ರೆ ಇನ್ನೊಂದು ಎಚ್ಚರಿಕೆ. ಶ್ವಾಸಕೋಶದಿಂದ ಒಮ್ಮೆಲೇ ಜಾಸ್ತಿ ರಕ್ತ ಎಡಗಡೆಗೆ ನುಗ್ಗಿದ್ರೆ ಅದು ತಳ್ಳೋಕಾಗದೇ ಶ್ವಾಸಕೋಶದಲ್ಲಿ ನೀರು ತುಂಬ್ಕೋಬಹುದು. ಹಾಗಾಗಿ ಶುರು ಮಾಡೋ ಮುಂಚೆ ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ನೋಡಲೇಬೇಕು.

ಸುಧಾರಿಸಿದಾರೆ ಅಂತೀರ, ಮತ್ತೆ ಯಾಕೆ ಪಟ್ ಅಂತ ನಿಲ್ಲಿಸ್ತಿಲ್ಲ?

ಹೊರಗಿಂದ ಕೊಡ್ತಾ ಇದ್ದಾಗ ದೇಹ ತನ್ನದೇ ತಯಾರಿಕೆ ಕಮ್ಮಿ ಮಾಡ್ಕೊಂಡಿರುತ್ತೆ, ಒಮ್ಮೆಲೇ ನಿಲ್ಲಿಸಿದ್ರೆ ಶ್ವಾಸಕೋಶದ ನಾಳ ವಾಪಸ್ ಬಿಗಿಯಾಗಿ ಒತ್ತಡ ಮೊದಲಿಗಿಂತ ಮೇಲೆ ಹೋಗಬಹುದು, ರಿಬೌಂಡ್ ಅಂತೀವಿ. ಅದಕ್ಕೇ 20, 10, 5 ಹೀಗೆ ಇಳಿಸ್ಕೊಂಡು ಬಂದು ಕೊನೆಗೆ 5ರಿಂದ ಒಂದೊಂದೇ ಇಳಿಸ್ತೀವಿ. ಆ ಕೊನೇ 1 ಪಿಪಿಎಂ ತೆಗೆಯೋದೇ ಕೆಲವರಲ್ಲಿ ತಕರಾರು. ಸಿಟಿ ಸ್ಕ್ಯಾನ್‌ಗೆ ಕರ್ಕೊಂಡು ಹೋಗೋವಾಗಲೂ ಸಿಲಿಂಡರ್ ಜೊತೆಗೇ ಬರಬೇಕು, ಬದಲಿ ಸಿಲಿಂಡರ್ ತುಂಬಿದ್ಯಾ ಅಂತ ಗೇಜ್ ನೋಡಿ ಹೊರಡಬೇಕು.

ನಮ್ಮೂರ ಆಸ್ಪತ್ರೆಲಿ ಇದು ಇಲ್ಲ ಅಂದ್ರು, ಹುಡುಕ್ಕೊಂಡು ಬೇರೆ ಕಡೆ ಹೋಗ್ಬೇಕಾ?

ಬರೀ ಈ ಗಾಳಿಗೋಸ್ಕರ ಬೇಡ. ಈ ಮಿಷನ್ ಇರೋದು ಹೆಚ್ಚಾಗಿ ದೊಡ್ಡ ಊರುಗಳ ನವಜಾತ ಶಿಶು ಐಸಿಯುಗಳಲ್ಲಿ, ಹೃದಯದ ಆಪರೇಷನ್ ಮಾಡೋ ಕಡೆ. ಜಿಲ್ಲಾ ಆಸ್ಪತ್ರೆಯಲ್ಲೇ ಹೆಪಾರಿನ್ ಶುರು ಮಾಡ್ಬಹುದು, ಆಕ್ಸಿಜನ್ ಕೊಡ್ಬಹುದು, ಬಿಪಿಗೆ ನಾರ್‌ಅಡ್ರಿನಲಿನ್ ಹಾಕ್ಬಹುದು, ಪ್ರಾಣಕ್ಕೆ ಬಂದಾಗ ಕ್ಲಾಟ್ ಕರಗಿಸೋ ಇಂಜೆಕ್ಷನ್ ಕೊಡ್ಬಹುದು, ಜೀವ ಉಳಿಸ್ತವೆ ಅಂತ ಗೊತ್ತಿರೋದು ಇವೇ. ದೊಡ್ಡ ಕಡೆಗೆ ಕಳಿಸೋಕೆ ಸರಿಯಾದ ಕಾರಣ ಅಂದ್ರೆ ಕ್ಯಾಥೆಟರ್‌ನಿಂದ ಕ್ಲಾಟ್ ತೆಗೆಯೋದು, ಆಪರೇಷನ್, ಎಕ್ಮೋ (ಹೃದಯ, ಶ್ವಾಸಕೋಶದ ಕೆಲಸ ತಾನೇ ಮಾಡೋ ಮಿಷನ್) ಇಂಥವು ಬೇಕಾಗಿರೋದು. ಹೊರಡೋಕ್ಮುಂಚೆ ಒಂದೇ ಒಂದು ಕೇಳಿ: "ಹೆಪಾರಿನ್ ಕೊಟ್ಟಿದೀರಾ, ಎಷ್ಟು ಗಂಟೆಗೆ?" ಆ ಟೈಮ್ ರೆಫರಲ್ ಚೀಟಿ ಮೇಲೆ ಬರೆಸ್ಕೊಳ್ಳಿ. ಚೀಟಿ ಖಾಲಿ ಇಟ್ಕೊಂಡು ಆಂಬುಲೆನ್ಸಲ್ಲಿ ಮೂರ್ನಾಲ್ಕು ಗಂಟೆ ಪ್ರಯಾಣ ಮಾಡಿ ಬಂದೋರನ್ನ ನೋಡಿದೀನಿ, ಅಲ್ಲಿ ಕೊಟ್ರಾ ಇಲ್ವಾ ಅಂತ ಯಾರಿಗೂ ಗೊತ್ತಿರಲ್ಲ, ನೋಡಿದಾಗ ಹೊಟ್ಟೆ ಉರಿಯುತ್ತೆ.

ಇನ್ಶೂರೆನ್ಸ್‌ನವರು ಇದು ಆಫ್ ಲೇಬಲ್ ಅಂತ ತಕರಾರು ಮಾಡ್ತಿದಾರೆ, ಹಂಗಂದ್ರೆ ಏನು?

ಅಮೆರಿಕದ ಎಫ್‌ಡಿಎ 1999ರಲ್ಲಿ ಈ ಗಾಳಿಗೆ ಒಪ್ಪಿಗೆ ಕೊಟ್ಟಿದ್ದು ನವಜಾತ ಶಿಶುಗಳಿಗೆ, ಹುಟ್ಟಿದ ಮೇಲೂ ಶ್ವಾಸಕೋಶದ ನಾಳ ಬಿಗಿಯಾಗೇ ಉಳಿದು ನೀಲಿಗಟ್ಟೋ ಮಕ್ಕಳಿಗೆ. ದೊಡ್ಡೋರ ಪಿಇಗೆ ಆ ಥರದ ಒಪ್ಪಿಗೆ ಇಲ್ಲ, ಡಾಕ್ಟ್ರು ತಮ್ಮ ವಿವೇಚನೆ ಮೇಲೆ ಕೊಡ್ತಾರೆ, ಅದನ್ನೇ ಆಫ್ ಲೇಬಲ್ ಅನ್ನೋದು, ಕಾನೂನುಬಾಹಿರ ಅಂತ ಅರ್ಥ ಅಲ್ಲ. ದುಬಾರಿ ಔಷಧಿ, ಎಷ್ಟು ಗಂಟೆ ಓಡಿತು ಅನ್ನೋದರ ಮೇಲೆ ಬಿಲ್ ಆಗೋದುಂಟು. ಶುರು ಮಾಡೋ ಮೊದಲೇ ಖರ್ಚು ಎಷ್ಟು, ಎಷ್ಟು ಹೊತ್ತು ನೋಡ್ತೀರ, ಉಪಯೋಗ ಕಾಣ್ದೇ ಇದ್ರೆ ಯಾವಾಗ ನಿಲ್ಲಿಸ್ತೀರ ಅಂತ ಕೇಳಿ, ಕೇಳೋದ್ರಲ್ಲಿ ಯಾವ ಸಂಕೋಚನೂ ಬೇಡ.

## ಓದ್ಕೊಂಡು ಬಂದೋರ ಪ್ರಶ್ನೆಗಳು

ಇದು ಕೆಲಸ ಮಾಡುತ್ತೆ ಅಂತ ಸರಿಯಾದ ಟ್ರಯಲ್ ಆಗಿದ್ಯಾ?

ಬಹಳ ವರ್ಷ ನಮ್ಮ ಹತ್ರ ಇದ್ದಿದ್ದು ಬಿಡಿ ಕೇಸ್‌ಗಳು, ನಾಲ್ಕು ಪೇಷಂಟ್, ಎಂಟು ಪೇಷಂಟ್, ಕೊಟ್ವಿ ಸುಧಾರಿಸಿದ್ರು ಅನ್ನೋ ವರದಿಗಳು. ಅಂಥ ವರದಿಗಳಲ್ಲಿ ಒಂದು ತೊಂದರೆ ಏನಂದ್ರೆ ಸುಧಾರಿಸದೇ ಇದ್ದೋರ ಬಗ್ಗೆ ಯಾರೂ ಬರೆಯಲ್ಲ. ಆಮೇಲೆ ಅಮೆರಿಕದಲ್ಲಿ ಜೆಫ್ರಿ ಕ್ಲೈನ್ ಮತ್ತವರ ಜೊತೆಗಾರರು ಐನೋಪ್ ಅನ್ನೋ ಟ್ರಯಲ್ ಮಾಡಿದ್ರು, ಫಲಿತಾಂಶ ಅಚ್ಚಾಗಿದ್ದು 2019ರಲ್ಲಿ. ಬಿಪಿ ಚೆನ್ನಾಗಿದ್ದು ಬಲಗಡೆ ಹೃದಯ ಮಾತ್ರ ಒದ್ದಾಡ್ತಿರೋ 76 ಪೇಷಂಟ್‌ಗಳು, 38 ಜನಕ್ಕೆ ಆಕ್ಸಿಜನ್ ಜೊತೆ 50 ಪಿಪಿಎಂ ನೈಟ್ರಿಕ್ ಆಕ್ಸೈಡ್ 24 ಗಂಟೆ, ಇನ್ನು 38 ಜನಕ್ಕೆ ಅದೇ ಥರ ಕಾಣೋ ಸಿಲಿಂಡರಿಂದ ಹುಸಿ ಗಾಳಿ ಮತ್ತೆ ಆಕ್ಸಿಜನ್, ಯಾರಿಗೆ ಯಾವುದು ಅಂತ ಡಾಕ್ಟ್ರಿಗೂ ಗೊತ್ತಿಲ್ಲ ಪೇಷಂಟ್‌ಗೂ ಗೊತ್ತಿಲ್ಲ. 24 ಗಂಟೆ ಆದ್ಮೇಲೆ ಎಕೋದಲ್ಲಿ ಬಲಗಡೆ ಕೋಣೆ ನಾರ್ಮಲ್ ಆಗಿರಬೇಕು, ಟ್ರೋಪೋನಿನ್‌ (ಹೃದಯದ ಸ್ನಾಯುಗೆ ಪೆಟ್ಟಾದ್ರೆ ರಕ್ತದಲ್ಲಿ ಏರೋ ಅಂಶ) ಕೂಡ ನಾರ್ಮಲ್ ಇರಬೇಕು, ಎರಡೂ ಆದ್ರೆ ಗೆದ್ದಂಗೆ ಅಂತ ಮೊದಲೇ ನಿಗದಿ ಮಾಡಿದ್ರು. ಗಾಳಿ ಸಿಕ್ಕವರಲ್ಲಿ 9 ಜನ, ಅಂದ್ರೆ 24 ಪರ್ಸೆಂಟ್, ಸಿಗದೇ ಇದ್ದೋರಲ್ಲಿ 5 ಜನ, 13 ಪರ್ಸೆಂಟ್, ಆ ಗುರಿ ಮುಟ್ಟಿದ್ರು. ನೋಡೋಕೆ ಹೆಚ್ಚುಕಮ್ಮಿ ಎರಡರಷ್ಟು, ಆದ್ರೆ ಇಷ್ಟು ಕಡಿಮೆ ಜನರಲ್ಲಿ ಈ ವ್ಯತ್ಯಾಸ ಬರೀ ಆಕಸ್ಮಿಕವಾಗಿಯೂ ಬರಬಹುದು, ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ಪಾಸಾಗಲಿಲ್ಲ. ಬಲಗಡೆ ಕೋಣೆಯ ಚಲನೆಯನ್ನಷ್ಟೇ ಬೇರೆಯಾಗಿ ನೋಡಿದಾಗ ಗಾಳಿ ಸಿಕ್ಕವರಲ್ಲಿ ಸುಧಾರಣೆ ಹೆಚ್ಚು ಕಂಡಿತು.

ಹಾಗಾದ್ರೆ ಟ್ರಯಲ್ ಫೇಲ್ ಆಯ್ತು ಅಂತ ತಾನೇ ಅರ್ಥ?

ಇಟ್ಟ ಗುರಿ ಮುಟ್ಟಲಿಲ್ಲ, ಅದನ್ನ ನೇರವಾಗಿ ಒಪ್ಕೋಬೇಕು, ಬೇರೆ ಅಂಕಿ ಚೆನ್ನಾಗಿ ಬಂತು ಅಂತ ಅದನ್ನ ಮುಚ್ಚೋದು ನನಗೆ ಸರಿ ಕಾಣಲ್ಲ. ಆದ್ರೆ ಔಷಧಿ ನಿರುಪಯೋಗಿ ಅಂತ ಸಾಬೀತಾಯ್ತಾ ಅಂದ್ರೆ ಅದೂ ಇಲ್ಲ. ಗುರಿ ಬಹಳ ಬಿಗಿ ಇತ್ತು, ಟ್ರೋಪೋನಿನ್ ಅನ್ನೋದು ಹೃದಯದ ಸ್ನಾಯುಗೆ ಪೆಟ್ಟಾದ ಗುರುತು, ಪೆಟ್ಟು ನಿಂತ ಮೇಲೂ ರಕ್ತದಲ್ಲಿ ಅದು ಇಳಿಯೋಕೆ ದಿನ ಹಿಡಿಯುತ್ತೆ, ನಾಳಗಳ ಬಿಗಿ ಸಡಿಲ ಮಾಡೋ ಗಾಳಿ ಅದನ್ನ 24 ಗಂಟೆಯಲ್ಲಿ ಇಳಿಸ್ಬೇಕು ಅನ್ನೋದು ಸ್ವಲ್ಪ ಜಾಸ್ತಿ ಆಸೆ ಅಂತ ನನ್ನ ಅನಿಸಿಕೆ. ಮೇಲಾಗಿ ಅಲ್ಲಿ ಇದ್ದೋರು ಬಿಪಿ ಬೀಳದೇ ನಿಂತಿದ್ದ ಪೇಷಂಟ್‌ಗಳು. ಈ ಗಾಳಿ ನಿಜವಾಗಿ ಬೇಕಾಗೋದು ಬಿಪಿ ಬಿದ್ದು, ಕರಗಿಸೋ ಇಂಜೆಕ್ಷನ್ ಕೊಡೋಕಾಗದೇ ಒದ್ದಾಡ್ತಿರೋರಿಗೆ, ಅವರ ಮೇಲೆ ದೊಡ್ಡ ಟ್ರಯಲ್ ಆಗಿಲ್ಲ. ಪ್ರಾಣ ಉಳಿಯುತ್ತೆ ಅಂತ ತೋರಿಸಿರೋ ಟ್ರಯಲ್ ಒಂದೂ ಇಲ್ಲ. ಯುರೋಪಿನ ಹೃದ್ರೋಗ ತಜ್ಞರ 2019ರ ಮಾರ್ಗಸೂಚಿನೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತೆ, ರಕ್ತಸಂಚಾರ ಮತ್ತೆ ಆಮ್ಲಜನಕ ಸುಧಾರಿಸಬಹುದು, ಪುರಾವೆ ಇನ್ನೂ ಇಲ್ಲ ಅಂತ.

ನೀವೇ ಕಣ್ಣಾರೆ ಉಪಯೋಗ ಆಗಿದ್ದು ನೋಡಿದೀರಾ?

ಒಂದು ರಾತ್ರಿ ಮರೆಯೋಕಾಗಲ್ಲ. ತಲೆಯ ಆಪರೇಷನ್ ಆಗಿ ಕೆಲವೇ ದಿನ ಆಗಿದ್ದ ಪೇಷಂಟ್, ಕರಗಿಸೋ ಇಂಜೆಕ್ಷನ್ ಕೊಟ್ರೆ ಮೆದುಳಲ್ಲಿ ರಕ್ತಸ್ರಾವ ಆಗೋ ಅಪಾಯ ಬಹಳ ಜಾಸ್ತಿ. ಎಕೋ ಸ್ಕ್ರೀನಲ್ಲಿ ಬಲಗಡೆ ಕೋಣೆ ಬಲೂನ್ ಥರ ಊದಿ, ಮಧ್ಯದ ಗೋಡೆ ಎಡಗಡೆಗೆ ಒತ್ತಿ, ದುಂಡಗೆ ಇರಬೇಕಾದ ಎಡ ಕೋಣೆ ಇಂಗ್ಲಿಷಿನ ಡಿ ಅಕ್ಷರದಂಗೆ ಚಪ್ಪಟೆ ಕಾಣ್ತಿತ್ತು. ಪ್ರೋಬ್ ಎದೆ ಮೇಲೆ ಹಿಡ್ಕೊಂಡೇ ಇದ್ದೆ, ಸಿಸ್ಟರ್ ಗಾಳಿ 20ಕ್ಕೆ ಏರಿಸಿದ್ರು, ಸುಮಾರು ಕಾಲು ಗಂಟೆಯಲ್ಲಿ ಆ ಚಪ್ಪಟೆ ಸ್ವಲ್ಪ ಸ್ವಲ್ಪವೇ ದುಂಡಗಾಯ್ತು, ನಾರ್‌ಅಡ್ರಿನಲಿನ್ ಕಮ್ಮಿ ಮಾಡೋಕಾಯ್ತು, ಪೇಷಂಟ್ ಕಣ್ಣು ಬಿಟ್ಟು ನೀರು ಕೇಳಿದ್ರು. ಬೆಳಿಗ್ಗೆ ಕ್ಯಾಥೆಟರ್ ಹಾಕಿ ಕ್ಲಾಟ್ ತೆಗೆದ್ರು. ಅದೇ ಗಾಳಿ ಕೊಟ್ಟು ಒಂದು ಅಂಕಿನೂ ಅಲ್ಲಾಡದೇ ಇದ್ದ ಪೇಷಂಟ್‌ಗಳೂ ನನ್ನ ಕಣ್ಮುಂದೆ ಇದಾರೆ, ಅವರಲ್ಲಿ ಕೆಲವರು ಉಳೀಲಿಲ್ಲ. ಆ ರಾತ್ರಿ ಹೆಪಾರಿನ್‌ ಕೂಡ ಓಡ್ತಿತ್ತು, ಆಕ್ಸಿಜನ್ನೂ ಏರಿಸಿದ್ವಿ, ಯಾವುದರಿಂದ ಎಷ್ಟು ಅಂತ ಬೇರೆ ಮಾಡಿ ಹೇಳೋಕಾಗಲ್ಲ. ನನ್ನ ಅನುಭವನ ಪುರಾವೆ ಅಂತ ತಗೋಬೇಡಿ.

ಸುಮ್ನೆ ಎಲ್ಲರಿಗೂ ಕರಗಿಸೋ ಇಂಜೆಕ್ಷನ್ ಕೊಟ್ರೆ ಆಯ್ತಲ್ಲ, ಈ ಗಾಳಿ ಸಹವಾಸ ಯಾಕೆ?

ಬಿಪಿ ಬಿದ್ದೋರಿಗೆ ಅದೇ ಸರಿ, ಅಡ್ಡಿ ಏನೂ ಇಲ್ಲದಿದ್ರೆ ಕೊಡಲೇಬೇಕು. ಬಿಪಿ ಬೀಳದೇ ನಿಂತಿರೋ ಮಧ್ಯಮ ಅಪಾಯದೋರಲ್ಲಿ ಲೆಕ್ಕ ಬೇರೆ. 2014ರ ಪೀಥೋ ಟ್ರಯಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಅಂಥ ಪೇಷಂಟ್‌ಗಳಿಗೆ ಹೆಪಾರಿನ್ ಜೊತೆ ಟೆನೆಕ್ಟಿಪ್ಲೇಸ್ ಇಲ್ಲಾ ಬರೀ ಹೆಪಾರಿನ್ ಕೊಟ್ಟು ನೋಡಿದ್ರು, ಸಾವು ಅಥವಾ ಬಿಪಿ ಕುಸಿಯೋದು 5.6 ಪರ್ಸೆಂಟಿಂದ 2.6ಕ್ಕೆ ಇಳೀತು, ಆದ್ರೆ ಸ್ಟ್ರೋಕ್ 0.2ರಿಂದ 2.4ಕ್ಕೆ ಏರ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಂಡಂಗೆ. ರಕ್ತಸ್ರಾವ ತರದೇ ಬಲಗಡೆ ಹೃದಯಕ್ಕೆ ಆಸರೆ ಕೊಡೋ ಒಂದು ದಾರಿ ಬೇಕು ಅಂತ ಜನ ನೈಟ್ರಿಕ್ ಆಕ್ಸೈಡ್ ಕಡೆ ನೋಡಿದ್ದು ಈ ಕಾರಣಕ್ಕೆ.

ಕ್ಲಾಟ್ ಅಷ್ಟು ದೊಡ್ಡದಿಲ್ಲ, ಆದ್ರೂ ಎಷ್ಟು ಆಕ್ಸಿಜನ್ ಕೊಟ್ರೂ ಸ್ಯಾಚುರೇಷನ್ ಏರ್ತಿಲ್ಲ, ಯಾಕೆ?

ಇಂಥ ಪೇಷಂಟಲ್ಲಿ ಪಿಎಫ್‌ಒ ಹುಡುಕಿ. ತಾಯಿ ಹೊಟ್ಟೇಲಿದ್ದಾಗ ಹೃದಯದ ಮೇಲಿನ ಎರಡು ಕೋಣೆ ಮಧ್ಯೆ ಇರೋ ಕಿಂಡಿ, ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕು, ದೊಡ್ಡೋರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರಲ್ಲ, ಅದರ ಪಾಡಿಗೆ ಇರುತ್ತೆ. ಪಿಇ ಆಗಿ ಬಲಗಡೆ ಒತ್ತಡ ಏರಿದಾಗ ಆ ಬಾಗಿಲು ತೆಗೆದು ಶ್ವಾಸಕೋಶ ನೋಡದೇ ಇರೋ ನೀಲಿ ರಕ್ತ ಸೀದಾ ಎಡಗಡೆಗೆ ನುಗ್ಗುತ್ತೆ, ಅದಕ್ಕೆ ನೀವು ಎಷ್ಟು ಆಕ್ಸಿಜನ್ ಕೊಟ್ರೂ ತಲುಪಲ್ಲ. ಕ್ಲಾಟ್ ತುಂಡೂ ಅದೇ ದಾರಿಯಲ್ಲಿ ಮೆದುಳಿಗೆ ಹೋಗಬಹುದು. ಸಲೈನ್ ಅಲ್ಲಾಡಿಸಿ ಗುಳ್ಳೆ ಮಾಡಿ ಸಿರೆಗೆ ಬಿಟ್ಟು ಎಕೋದಲ್ಲಿ ಗುಳ್ಳೆ ಎಡಗಡೆ ಕಾಣುತ್ತಾ ನೋಡ್ತೀವಿ. ಶ್ವಾಸಕೋಶದ ಒತ್ತಡ ಇಳಿಸಿ ಆ ಬಾಗಿಲಿನ ಮೇಲಿನ ನೂಕುನುಗ್ಗಲು ಕಡಿಮೆ ಮಾಡೋ ಜಾಗ ಇದೆಯಲ್ಲ, ಅಲ್ಲಿ ನೈಟ್ರಿಕ್ ಆಕ್ಸೈಡ್ ಒಂದ್ಸಲ ನೋಡೋದು ನನ್ನ ಪ್ರಕಾರ ತರ್ಕಬದ್ಧ.

ನೈಟ್ರಿಕ್ ಆಕ್ಸೈಡ್ ಸಿಗದಿದ್ರೆ ಸಿಲ್ಡೆನಾಫಿಲ್ ಮಾತ್ರೆ ಕೊಡಬಹುದಾ?

ದಾರಿ ಒಂದೇ. ನೈಟ್ರಿಕ್ ಆಕ್ಸೈಡ್ ಸ್ನಾಯು ಕೋಶದಲ್ಲಿ ಗ್ವಾನಿಲೇಟ್ ಸೈಕ್ಲೇಸ್ ಅನ್ನೋ ಕಿಣ್ವನ ಎಬ್ಬಿಸಿ ಸೈಕ್ಲಿಕ್ ಜಿಎಂಪಿ ಹೆಚ್ಚಿಸುತ್ತೆ, ಸಿಲ್ಡೆನಾಫಿಲ್ ಆ ಜಿಎಂಪಿ ಒಡೆಯೋದನ್ನ ತಡೆಯುತ್ತೆ. ಆದ್ರೆ ಮಾತ್ರೆ ನುಂಗಿದ್ಮೇಲೆ ಅದು ಇಡೀ ಮೈಗೆ, ವಾಪಸ್ ತೆಗೆಯೋಕೂ ಆಗಲ್ಲ. ತುರ್ತು ಪಿಇಯಲ್ಲಿ ನಾನು ಕೊಡಲ್ಲ. ಗಾಳಿಯಲ್ಲೇ ಕೊಡೋ ಬೇರೆ ಔಷಧಿ ಇದೆ, ಇಲೋಪ್ರಾಸ್ಟ್, ಇಪೋಪ್ರಾಸ್ಟೆನಾಲ್, ಮಿಲ್ರಿನೋನ್‌ನ ನೆಬುಲೈಸ್ ಮಾಡೋದು, ಖರ್ಚಲ್ಲಿ ಹಗುರ ಆದ್ರೂ ಪಿಇ ವಿಷಯದಲ್ಲಿ ಅವುಗಳ ಪುರಾವೆ ಇನ್ನೂ ತೆಳು.

ಆರು ತಿಂಗಳಾಯ್ತು, ಇನ್ನೂ ಮೆಟ್ಟಿಲು ಹತ್ತಿದ್ರೆ ಏದುಸಿರು, ಈಗ ಆ ಗಾಳಿ ತಗೊಂಡ್ರೆ ಸರಿ ಹೋಗುತ್ತಾ?

ಈಗ ಬೇಕಿರೋದು ಗಾಳಿ ಅಲ್ಲ, ತಪಾಸಣೆ. 3 ತಿಂಗಳು ಸರಿಯಾಗಿ ರಕ್ತ ತೆಳು ಮಾಡೋ ಔಷಧಿ ತಗೊಂಡ ಮೇಲೂ ಏದುಸಿರು ಉಳಿದಿದ್ರೆ ಹಳೇ ಕ್ಲಾಟ್ ಗಾಯದ ಕಲೆ ಥರ ನಾಳಕ್ಕೆ ಅಂಟ್ಕೊಂಡು ಒತ್ತಡ ಶಾಶ್ವತವಾಗಿ ಏರಿರಬಹುದು, ಸಿಟೆಫ್ ಅಂತ ಕರೀತಾರೆ. ಎಕೋ ಮತ್ತೆ ವಿ ಕ್ಯೂ ಸ್ಕ್ಯಾನ್ (ಶ್ವಾಸಕೋಶದಲ್ಲಿ ಗಾಳಿ, ರಕ್ತ ಎಲ್ಲೆಲ್ಲಿ ತಲುಪ್ತಿದೆ ಅಂತ ನೋಡೋದು) ಮಾಡಿಸಿ. ಆ ಕಲೆನ ಸಿಪ್ಪೆ ಸುಲಿದಂಗೆ ತೆಗೆಯೋ ಆಪರೇಷನ್ ಇದೆ, ಬಲೂನ್ ಚಿಕಿತ್ಸೆ ಇದೆ, ರಿಯೋಸಿಗ್ವಾಟ್ ಅನ್ನೋ ಮಾತ್ರೆ ಇದೆ. ಆ ಮಾತ್ರೆ ಎಬ್ಬಿಸೋದು ಮೇಲೆ ಹೇಳಿದ ಗ್ವಾನಿಲೇಟ್ ಸೈಕ್ಲೇಸ್‌ನೇ, ಅದಕ್ಕೇ ಅದರ ಜೊತೆ ಸಾರ್ಬಿಟ್ರೇಟ್ ಆಗಲಿ ಸಿಲ್ಡೆನಾಫಿಲ್ ಆಗಲಿ ತಗೊಳ್ಳಲೇಬಾರದು, ಬಿಪಿ ಕುಸಿಯುತ್ತೆ. ನೀವು ತಗೊಳ್ತಿರೋ ಎಲ್ಲ ಮಾತ್ರೆ ಚೀಟಿನೂ ಒಂದು ಕವರಲ್ಲಿ ಹಾಕ್ಕೊಂಡು ಡಾಕ್ಟ್ರ ಹತ್ರ ಹೋಗಿ, ಮತ್ತೆ ಅವರು ಹೇಳೋವರೆಗೂ ರಕ್ತ ತೆಳು ಮಾಡೋ ಮಾತ್ರೆ ಒಂದು ದಿನನೂ ಬಿಡಬೇಡಿ.